ಗೆಲುವು ಎಂಬ ಮಾತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಸೀಮೆಗಳಲ್ಲಿ ದಿನವೊಂದಕ್ಕೆ ಹಲವು ಬಾರಿ ಕಿವಿಗೆ ಬೀಳುವ ಮಾತುಗಳಲ್ಲಿ 'ಗೆಲುವು' ಎಂಬುದೂ ಒಂದು. ಮೂರು ದಿನ ಜ್ವರದಿಂದ ಮಲಗಿದ್ದ ಕೂಸು ನಾಲ್ಕನೆಯ ದಿನ ಎದ್ದು ಆಡತೊಡಗಿದರೆ, 'ಇವತ್ತು ಕೂಸು ಗೆಲುವಾಗೇತಿ' ಎಂದು ತಾಯಿ ನಿಟ್ಟುಸಿರುಬಿಡುತ್ತಾಳೆ. ಬಾಡಿ ನಿಂತಿದ್ದ ಶೇಂಗಾ ಹೊಲದ ಮೇಲೆ ಒಂದು ಹದಮಳೆ ಬಿದ್ದರೆ, 'ಪೈರು ಗೆಲುವಾತು' ಎಂದು ಒಕ್ಕಲಿಗನು ಹೇಳುತ್ತಾನೆ. ಚುನಾವಣೆಯ ಎಣಿಕೆ ಮುಗಿದ ದಿನ ಅದೇ ಮಾತು ಗುಲಾಲಿನೊಡನೆ ಬೀದಿಗೆ ಬರುತ್ತದೆ; ಕೋರ್ಟಿನ ತೀರ್ಪು ಬಂದ ದಿನ ಪೇಡೆಯ ಪೊಟ್ಟಣದೊಡನೆ ಮನೆಗೆ ಬರುತ್ತದೆ. ಶಬ್ದ ಒಂದೇ. ಆದರೆ ತಾಯಿಯ ಬಾಯಲ್ಲಿ ಅದಕ್ಕೆ ಎದುರಾಳಿ ಇಲ್ಲ. ಬೀದಿಯಲ್ಲಿ ಮತ್ತು ಕೋರ್ಟಿನಲ್ಲಿ ಎದುರಾಳಿಯಿಲ್ಲದೆ ಅದಕ್ಕೆ ಅರ್ಥವೇ ಇಲ್ಲ. ಕೂಸು ಗೆಲುವಾದಾಗ ಯಾರೂ ಸೋಲುವುದಿಲ್ಲ. ಕೇಸು ಗೆದ್ದಾಗ ಇನ್ನೊಂದು ಮನೆಯಲ್ಲಿ ಒಲೆ ಹೊತ್ತುವುದು ತಡವಾಗುತ್ತದೆ.

ಈ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ಸೇರಿ 2021ರಿಂದ ಒಂದು ಜಿಲ್ಲೆಯಾಗಿವೆ. ಆ ಜಿಲ್ಲೆಯ ಹೆಸರೇ ವಿಜಯನಗರ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರು ವರ್ಷಗಳ ನಂತರ ಈ ಹೊಸ ಜಿಲ್ಲೆಯೊಳಗೆ ಬಂದಿತು. ಹೀಗೆ ಇಲ್ಲಿಯ ಪ್ರತಿಯೊಂದು ದಸ್ತಾವೇಜಿನ ಮೇಲೆ, ಪ್ರತಿಯೊಂದು ಅಂಗಡಿಯ ಫಲಕದ ಮೇಲೆ ಈಗ ವಿಜಯವೆಂಬ ಶಬ್ದವಿದೆ. ನಿತ್ಯವೂ ಕಣ್ಣಿಗೆ ಬೀಳುವ ಶಬ್ದದ ಅರ್ಥವನ್ನು ಮನುಷ್ಯನು ವಿಚಾರಿಸುವುದನ್ನೇ ಬಿಟ್ಟುಬಿಡುತ್ತಾನೆ. ಆದುದರಿಂದ ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು. ಜಿನನ ಹೆಸರನ್ನು ಹೊತ್ತ ಸಮಾಜಕ್ಕಂತೂ ಅದು ಕರ್ತವ್ಯವೂ ಹೌದು.

ಕನ್ನಡದಲ್ಲಿ 'ಗೆಲ್' ಎಂಬುದು ಹಳೆಯ ಧಾತು. ಪಕ್ಕದ ತೆಲುಗಿನಲ್ಲಿಯೂ 'ಗೆಲುಪು' ಎಂದೇ ಅನ್ನುತ್ತಾರೆ. ರಾಯದುರ್ಗದ ಕಡೆಯಿಂದ ಕೂಡ್ಲಿಗಿಯ ಸಂತೆಗೆ ಬಂದವನಿಗೆ ಈ ಶಬ್ದವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಂಸ್ಕೃತದ 'ಜಿ' ಧಾತುವಿನಿಂದ ಜಯ, ವಿಜಯ, ಜಯಂತಿ, ಪರಾಜಯ ಮೊದಲಾದ ಪದಗಳು ಬಂದುವು. 'ಜಿನ' ಎಂಬ ಶಬ್ದವೂ ಅದೇ ಧಾತುವಿನದು. ಗೆದ್ದವನು ಎಂದು ಅದರ ಅರ್ಥ. ಗೆದ್ದವನನ್ನು ಅನುಸರಿಸುವವನು ಜೈನ. ಹಾಗಾದರೆ ಜೈನನ ಮನೆಯ ಹೆಸರಿನಲ್ಲಿಯೇ ಜಯವಿದೆ. ಅವನ ನಮಸ್ಕಾರವಾದ 'ಜಯ ಜಿನೇಂದ್ರ'ದಲ್ಲಿ ಅದು ಎರಡು ಸಲ ಇದೆ. ಗುಡಿಗಳಲ್ಲಿ ಬಾರಿಸುವ ಜೇಗಂಟೆಯೂ ಜಯಘಂಟೆಯೇ ಎಂದು ಬಲ್ಲವರು ಹೇಳುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಇಷ್ಟು ಬಾರಿ ಜಯವನ್ನು ನುಡಿಯುವವರು, ಜಿನನು ಗೆದ್ದುದು ಯಾರನ್ನು ಎಂದು ಕೇಳಿಕೊಳ್ಳದಿದ್ದರೆ ಆ ನುಡಿ ಬರಿಯ ಸದ್ದಾಗಿ ಉಳಿಯುತ್ತದೆ.

ಕನ್ನಡದ ಆದಿಕವಿಗಳಿಗೆ ಈ ಪ್ರಶ್ನೆ ಎದುರಾಗಿತ್ತು. ಪಂಪನು ಬರೆದ ಎರಡು ಕಾವ್ಯಗಳಲ್ಲಿ ಒಂದರ ಹೆಸರೇ 'ವಿಕ್ರಮಾರ್ಜುನ ವಿಜಯ'. ಅದು ಅರಸನ ಗೆಲುವನ್ನು ಹೇಳುವ ಲೌಕಿಕ ಕಾವ್ಯ. ಇನ್ನೊಂದು, ಕ್ರಿ.ಶ. 941ರ 'ಆದಿಪುರಾಣ', ಗೆದ್ದ ರಾಜ್ಯವನ್ನು ಬಿಟ್ಟು ಹೋದವರ ಕಥೆ. ರನ್ನನೂ ಹಾಗೆಯೇ 'ಸಾಹಸಭೀಮ ವಿಜಯ'ವನ್ನು ಬರೆದ ಕೈಯಿಂದಲೇ ಕ್ರಿ.ಶ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 'ಅಜಿತಪುರಾಣ'ವನ್ನು ಬರೆದನು. ಅಜಿತ ಎಂದರೆ ಯಾರಿಂದಲೂ ಜಯಿಸಲ್ಪಡದವನು. ಒಂದೇ ಲೇಖನಿಗೆ ಎರಡು ಬಗೆಯ ಜಯವೂ ಗೊತ್ತಿತ್ತು. ಎರಡನ್ನೂ ಅವರು ಬೇರೆ ಬೇರೆ ಗ್ರಂಥಗಳಲ್ಲಿ ಇರಿಸಿದರು.

ಆದಿಪುರಾಣದ ಭರತನು ಷಟ್ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಹೋಗುವ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕರಿಲ್ಲ. ಭೂಮಂಡಲವನ್ನು ಗೆದ್ದವನು ತಾನೊಬ್ಬನೇ ಎಂದು ನಂಬಿ, ತನ್ನ ಹೆಸರನ್ನು ಬೆಟ್ಟದ ಮೇಲೆ ಕೆತ್ತಿಸಲು ಹೋದ ಚಕ್ರವರ್ತಿಗೆ ಅಲ್ಲಿ ಒಂದು ಗೇಣು ಖಾಲಿ ಸ್ಥಳ ಸಿಗಲಿಲ್ಲ. ಹಿಂದೆ ಗೆದ್ದವರ ಹೆಸರುಗಳಿಂದ ಬೆಟ್ಟ ತುಂಬಿಹೋಗಿತ್ತು. ಕಡೆಗೆ ಬೇರೊಬ್ಬನ ಹೆಸರನ್ನು ಅಳಿಸಿ ತನ್ನ ಹೆಸರನ್ನು ಬರೆಸಬೇಕಾಯಿತು. ತನ್ನ ಹೆಸರನ್ನೂ ನಾಳೆ ಒಬ್ಬನು ಹೀಗೆಯೇ ಅಳಿಸುವನೆಂಬುದು ಅಲ್ಲಿಯೇ ಸ್ಪಷ್ಟವಾಗಿತ್ತು. ಬಸದಿಯ ಗೋಡೆಗಳಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳನ್ನು ಹಾಕಿಸುವ ಟ್ರಸ್ಟುಗಳು ಈ ಪ್ರಸಂಗವನ್ನು ವರ್ಷಕ್ಕೊಮ್ಮೆಯಾದರೂ ಓದಿಸಬೇಕು.

ಭರತ ಬಾಹುಬಲಿಯರ ಯುದ್ಧದಲ್ಲಿ ಮಂತ್ರಿಗಳು ಮೊದಲು ಮಾಡಿದ ಕೆಲಸ, ಸೈನ್ಯಗಳನ್ನು ಬದಿಗೆ ಸರಿಸಿದುದು. ಅಣ್ಣತಮ್ಮಂದಿರ ಹಟಕ್ಕೆ ಸಾವಿರಾರು ಜನ ಸಾಯಬಾರದೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ತಮ್ಮನು ಗೆದ್ದನು. ಸೋತ ಅಣ್ಣನು ಕೋಪದಿಂದ ಚಕ್ರವನ್ನು ಬಿಟ್ಟನು. ಅದು ಬಾಹುಬಲಿಯನ್ನು ಬಲಗೊಂಡು ನಿಂತಿತು. ಗೆಲುವು ಪೂರ್ತಿಯಾದ ಆ ಕ್ಷಣದಲ್ಲಿಯೇ ಬಾಹುಬಲಿಗೆ ಅದರ ರುಚಿ ಕೆಟ್ಟಿತು. ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತನು. ವರ್ಷವೊಂದು ಕಳೆದರೂ ಮನದ ಮೂಲೆಯಲ್ಲಿ ಅಣ್ಣನ ವಿಷಯವಾಗಿ ಉಳಿದಿದ್ದ ಒಂದೆಳೆಯು ಕೇವಲಜ್ಞಾನಕ್ಕೆ ಅಡ್ಡಿಯಾಗಿತ್ತೆಂದೂ, ಭರತನು ತಾನಾಗಿ ಬಂದು ನಮಿಸಿದಾಗ ಅದು ಹರಿಯಿತೆಂದೂ ಪರಂಪರೆ ಹೇಳುತ್ತದೆ. ಯುದ್ಧವನ್ನು ಗೆಲ್ಲಲು ಬಾಹುಬಲಿಗೆ ತೋಳು ಸಾಕಾಯಿತು. ಆ ಗೆಲುವಿನಿಂದ ಬಿಡುಗಡೆ ಹೊಂದಲು ಸೋತವನ ಸಹಾಯ ಬೇಕಾಯಿತು.

ಇದು ಪುರಾಣದ ಮಾತಾಯಿತು. ಇತಿಹಾಸದಲ್ಲಿಯೂ ಇಂತಹ ಉದಾಹರಣೆಯು ಹರಪನಹಳ್ಳಿ ತಾಲ್ಲೂಕಿನಲ್ಲಿಯೇ ಇದೆ. ಉಚ್ಚಂಗಿದುರ್ಗದ ಕೋಟೆಯನ್ನು ಇಂದು ಜನರು ಉಚ್ಚಂಗೆಮ್ಮನ ಜಾತ್ರೆಗೆಂದು ಹತ್ತುತ್ತಾರೆ. ಹತ್ತನೆಯ ಶತಮಾನದಲ್ಲಿ ಈ ಪ್ರದೇಶವು ನೊಳಂಬರ ಆಳಿಕೆಯಲ್ಲಿದ್ದಾಗ ಗಂಗರ ಅರಸ ಮಾರಸಿಂಹನು ಅವರನ್ನು ಸೋಲಿಸಿ 'ನೊಳಂಬಕುಲಾಂತಕ'ನೆಂಬ ಬಿರುದನ್ನು ಹೊತ್ತನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ವಿಜಯಗಳನ್ನು ಒಂದರ ಮೇಲೊಂದರಂತೆ ಪಟ್ಟಿಮಾಡುತ್ತದೆ. ಉಚ್ಚಂಗಿಯ ಕೋಟೆಯೂ ಆ ಪಟ್ಟಿಯಲ್ಲಿದೆ. ಆದರೆ ಪಟ್ಟಿಯ ಕೊನೆಯಲ್ಲಿರುವುದು ಯಾವ ಕೋಟೆಯೂ ಅಲ್ಲ. ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟನು. ಇದು ಕ್ರಿ.ಶ. 974ರ ಸುಮಾರಿನ ಮಾತು. ಅದೇ ಅರಸನ ಸೇನಾನಿಯಾಗಿ ನೊಳಂಬರೊಡನೆ ಕಾದಿದ ಚಾವುಂಡರಾಯನು, ಅದೇ ಅಜಿತಸೇನಾಚಾರ್ಯರ ಶಿಷ್ಯನಾಗಿ, ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ಮಾಡಿಸಿದನು. ಯುದ್ಧಗಳನ್ನು ಕಂಡಿದ್ದ ಆ ದಂಡನಾಯಕನು ತನ್ನ ಗೆಲುವಿನ ನೆನಪಿಗೆ ಜಯಸ್ತಂಭವನ್ನು ನಿಲ್ಲಿಸಬಹುದಾಗಿತ್ತು. ಗೆದ್ದುದನ್ನು ಬಿಟ್ಟು ನಿಂತವನ ಮೂರ್ತಿಯನ್ನು ನಿಲ್ಲಿಸಿದನು.

ಇನ್ನು ಜಿಲ್ಲೆಗೆ ಹೆಸರು ಕೊಟ್ಟ ಆ ನಗರ. 1565ರಲ್ಲಿ ರಕ್ಕಸತಂಗಡಿಯ ಯುದ್ಧವಾದ ಮೇಲೆ ವಿಜಯನಗರವು ಹಾಳುಹಂಪೆಯೆಂದು ಕರೆಸಿಕೊಂಡಿತು. ವಿಜಯವನ್ನೇ ಹೆಸರಾಗಿ ಉಳ್ಳ ಊರಿಗೂ ಸೋಲು ತಪ್ಪಲಿಲ್ಲವೆಂದು ಸುಲಭವಾಗಿ ಹೇಳಿ ಮುಗಿಸಬಹುದು. ಆದರೆ ಆ ರಾಜ್ಯದ ಒಂದು ತೀರ್ಪು ಇಂದಿಗೂ ನಿಂತಿದೆ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಿಗೆ ದೂರಿಕೊಂಡರು. ಅರಸನು ಎರಡೂ ಕಡೆಯ ಪ್ರಮುಖರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವೆಂದನು. ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿಯೆಂದು ತಿಳಿಯತಕ್ಕದ್ದೆಂದು ವಿಧಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂದು ಗೊತ್ತುಮಾಡಲಾಯಿತು. ಆ ಹಣವನ್ನೆತ್ತುವ ಹೊಣೆಯನ್ನು ಹೊತ್ತವರು ತಿರುಮಲೆಯ ತಾತಯ್ಯನವರು, ಎಂದರೆ ಎದುರುಪಕ್ಷದವರೇ.

ಭಂಡಾರಿ ಬಸದಿಯಲ್ಲಿರುವ ಆ ಶಾಸನವನ್ನು ವರ್ತಕರ ಕಣ್ಣಿನಿಂದ ಓದಿದರೆ ಅದರ ಜಾಣ್ಮೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒಬ್ಬನ ಖಾತೆಯ ನಷ್ಟವನ್ನು ಇನ್ನೊಬ್ಬನ ಖಾತೆಯಲ್ಲಿಯೂ ನಷ್ಟವೆಂದೇ ಬರೆಯತಕ್ಕದ್ದೆಂದು ಅರಸನು ಲೆಕ್ಕದ ಪದ್ಧತಿಯನ್ನೇ ಬದಲಾಯಿಸಿದನು. ಹಾಗೆ ಬರೆದ ಮೇಲೆ ಒಬ್ಬನನ್ನು ಸೋಲಿಸಿ ಇನ್ನೊಬ್ಬನು ಲಾಭ ತೋರಿಸುವ ದಾರಿಯೇ ಉಳಿಯುವುದಿಲ್ಲ. ಆ ವ್ಯಾಜ್ಯದಲ್ಲಿ ಯಾರು ಗೆದ್ದರೆಂದು ಕೇಳಿದರೆ ಉತ್ತರವಿಲ್ಲ; ಆದರೆ ಬಸದಿಗಳಿಗೆ ಸುಣ್ಣ ಬಿದ್ದಿತು. ಮುಂದೆ ಅದೇ ರಾಜಧಾನಿಯಲ್ಲಿ 1385ರಲ್ಲಿ ಇರುಗಪ್ಪ ದಂಡನಾಯಕನು ಕುಂಥು ಜಿನಾಲಯವನ್ನೂ, 1426ರಲ್ಲಿ ಇಮ್ಮಡಿ ದೇವರಾಯನು ಪಾನಸುಪಾರಿಯ ಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನೂ ಕಟ್ಟಿಸಿದರು.

ಪೇಟೆಯ ಭಾಷೆಯಲ್ಲಿ ಗೆಲ್ಲುವುದೆಂದರೇನು? ಹಳೆಯ ಕಾಲದಲ್ಲಿ ಕಾಳನ್ನು ಅಳೆಯುವವರು ಮೊದಲನೆಯ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು. ದೀಪಾವಳಿಯಲ್ಲಿ ಹೊಸ ಕಿರ್ದಿಗೆ ಪೂಜೆಮಾಡುವಾಗ 'ಶುಭ', 'ಲಾಭ' ಎಂದು ಬರೆಯುವರು. 'ಜಯ' ಎಂದು ಬರೆಯುವ ಪದ್ಧತಿಯಿಲ್ಲ. ಹಿರಿಯ ವ್ಯಾಪಾರಿಗಳು ಇದರ ಮರ್ಮವನ್ನು ಬಲ್ಲವರು. ರೈತನೂ ದಲಾಲನೂ ಖರೀದಿದಾರನೂ ಮೂವರೂ ಲಾಭ ಹೊಂದಬಹುದು. ಮೂವರೂ ಗೆಲ್ಲುವುದು ಸಾಧ್ಯವಿಲ್ಲ. ಕೊಟ್ಟೂರಿನ ಪೇಟೆಯಲ್ಲಿ ರೈತನಿಗೆ ತೂಕದಲ್ಲಿ ಮೋಸಮಾಡಿದವನು ಆ ದಿನ ಗೆದ್ದಂತೆ ಕಾಣುತ್ತಾನೆ. ಮುಂದಿನ ಸುಗ್ಗಿಯಲ್ಲಿ ಆ ರೈತನ ಗಾಡಿ ಅವನ ಅಂಗಡಿಯ ಮುಂದೆ ನಿಲ್ಲುವುದಿಲ್ಲ. 'ಗಿರಾಕಿಯ ಮನಸ್ಸು ಗೆಲ್ಲಬೇಕು' ಎಂಬ ಮಾತು ಪೇಟೆಯಲ್ಲಿದೆ. ಮನಸ್ಸನ್ನು ಗೆಲ್ಲುವುದಕ್ಕೆ ಕೊಂಚ ಸೋಲಬೇಕಾಗುತ್ತದೆಂಬುದೂ ಪೇಟೆಗೆ ಗೊತ್ತಿದೆ.

ಆದರೆ ಅಂಗಡಿಯಲ್ಲಿರುವ ಈ ವಿವೇಕವು ಬಸದಿಯ ಹೊಸ್ತಿಲು ದಾಟುವಾಗ ಕೆಲವೊಮ್ಮೆ ಚಪ್ಪಲಿಯೊಡನೆ ಹೊರಗೇ ಉಳಿಯುತ್ತದೆ. ವಾರ್ಷಿಕ ಪೂಜೆಯ ಮೊದಲ ಕಲಶಕ್ಕೆ ಸವಾಲು ಕೂಗುವ ರೂಢಿ ಹಲವೆಡೆ ಇದೆ. ಧರ್ಮಕಾರ್ಯಕ್ಕೆ ದ್ರವ್ಯ ಕೂಡಲೆಂದು ಹಿರಿಯರು ಮಾಡಿದ ಏರ್ಪಾಡು ಅದು, ತಪ್ಪೇನೂ ಇಲ್ಲ. ಆದರೆ 'ಸವಾಲು ಗೆದ್ದರು' ಎಂಬ ಮಾತು ಅಲ್ಲಿ ಕೇಳಿಬಂದಾಗ ಎಚ್ಚರವಿರಬೇಕು. ಲೋಭವನ್ನೂ ಮಾನವನ್ನೂ ಗೆದ್ದವನ ಮಸ್ತಕಕ್ಕೆ ನೀರೆರೆಯಲು, ಮಾನಕ್ಕಾಗಿ ಪೈಪೋಟಿ ನಡೆದರೆ ಆ ನೀರು ಯಾರನ್ನು ಶುದ್ಧಿಮಾಡಬೇಕು?

ಈ ಸೀಮೆಯ ಒಂದು ಊರಿನಲ್ಲಿ ಇಂತಹದೇ ಒಂದು ಸವಾಲು ಒಂದೇ ಮನೆತನದ ಅಣ್ಣತಮ್ಮಂದಿರ ನಡುವೆ ವ್ಯಾಜ್ಯವಾಗಿ ಬೆಳೆಯಿತು. ಕಡೆಯ ಕೂಗು ಯಾರದೆಂಬುದೇ ವಿವಾದ. ಅಣ್ಣನು ತನ್ನದೆಂದನು, ತಮ್ಮನು ತನ್ನದೆಂದನು. ಆಡಳಿತ ಮಂಡಳಿಯು ಎರಡು ಪಕ್ಷವಾಯಿತು. ವಿಷಯವು ಕೋರ್ಟಿಗೆ ಹೋಗಿ ಆರು ವರ್ಷ ನಡೆಯಿತು. ಆ ಆರು ವರ್ಷ ಮೊದಲ ಕಲಶವನ್ನು ಯಾರೂ ಎತ್ತಲಿಲ್ಲ. ಅರ್ಚಕರೊಬ್ಬರೇ ಅಭಿಷೇಕ ಮಾಡಿ ಬಾಗಿಲು ಹಾಕುತ್ತಿದ್ದರು. ಗರ್ಭಗೃಹದ ಮೇಲಿನ ಮಾಳಿಗೆ ಸೋರತೊಡಗಿತು. ಸುಣ್ಣಬಣ್ಣಕ್ಕೆಂದೂ ಮಾಳಿಗೆಯ ದುರಸ್ತಿಗೆಂದೂ ಕೂಡಿಟ್ಟ ಹಣವು ವಕೀಲರ ಫೀಜಿಗೆ ಹೋಯಿತು. ಕೊನೆಗೆ ತೀರ್ಪು ಅಣ್ಣನ ಪರವಾಗಿ ಬಂದಿತು.

ಆ ಸಂಜೆ ಅಣ್ಣನು ಪೇಡೆಯ ಪೊಟ್ಟಣವನ್ನು ತಂದು ತಾಯಿಯ ಮುಂದಿಟ್ಟನು. ಎಂಬತ್ತು ದಾಟಿದ ಆ ತಾಯಿ ಪೊಟ್ಟಣವನ್ನು ಬಿಚ್ಚಲಿಲ್ಲ. ಮಗನ ಮುಖವನ್ನು ಬಹಳ ಹೊತ್ತು ನೋಡಿ, 'ಕೇಸು ಗೆದ್ದಿ ಅಂತಾರಲ್ಲೋ ಮಗಾ, ಮಾರಿ ಮ್ಯಾಲ ಒಂದೀಟೂ ಗೆಲುವಿಲ್ಲಲ್ಲ' ಎಂದಳು. ಆಕೆ ಶಾಸ್ತ್ರವನ್ನು ಓದಿದವಳಲ್ಲ. ಕನ್ನಡದ ಒಂದೇ ಶಬ್ದಕ್ಕಿರುವ ಎರಡು ಅರ್ಥಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದಳು, ಅಷ್ಟೆ. ಮಗನಿಗೆ ಉತ್ತರ ಹೊಳೆಯಲಿಲ್ಲ.

ಆ ವರ್ಷದ ಪೂಜೆಗೆ ಮುಂಚೆ ಅಣ್ಣನು ತಮ್ಮನ ಮನೆಗೆ ತಾನಾಗಿ ಹೋಗಿ, ಮೊದಲ ಕಲಶಕ್ಕೆ ನೀನೂ ಕೈಹಚ್ಚಬೇಕು ಎಂದು ಕೇಳಿದನು. ತಮ್ಮನು ಬರಲಿಲ್ಲ. ಗೆದ್ದವನು ಕರೆದ ಮಾತ್ರಕ್ಕೆ ಸೋತವನ ನೋವು ಮಾಯುವುದಿಲ್ಲ. ಮರುವರ್ಷ ಮತ್ತೆ ಕರೆದನು. ತಮ್ಮನು ಬಂದು ಹಿಂದಿನ ಸಾಲಿನಲ್ಲಿ ನಿಂತುಹೋದನು. ಮೂರನೆಯ ವರ್ಷ ಇಬ್ಬರೂ ಕಲಶವನ್ನು ಹಿಡಿದರು. ಅದನ್ನು ನೋಡಲು ತಾಯಿ ಇರಲಿಲ್ಲ. ಮಾಳಿಗೆಯ ದುರಸ್ತಿ ಅದರ ಮುಂದಿನ ಬೇಸಗೆಯಲ್ಲಿ ಆಯಿತು.

'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆಯು ಕೋರ್ಟಿನ ಮೆಟ್ಟಿಲನ್ನು ತುಳಿದ ಜನರು ಮಾಡಿದ್ದು. ಇದರ ಅರ್ಥ ಅನ್ಯಾಯವಾದಾಗ ಸುಮ್ಮನಿರಬೇಕೆಂದಲ್ಲ. ಬಸದಿಯ ಭೂಮಿಯನ್ನು ಒತ್ತುವರಿ ಮಾಡಿದರೆ, ವಿಧವೆಯ ಪಾಲನ್ನು ನುಂಗಿದರೆ, ಕಾನೂನಿನ ನೆರವನ್ನು ಪಡೆಯುವುದು ಗೃಹಸ್ಥನ ಧರ್ಮವೇ. ಬುಕ್ಕರಾಯನ ಬಳಿಗೆ ಜೈನರು ದೂರನ್ನು ಒಯ್ದುದರಿಂದಲೇ ಆ ತೀರ್ಪು ಬಂದಿತು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ವ್ಯಾಪಾರಿಯೂ ತತ್ತ್ವಜ್ಞಾನಿಯೂ ಆಗಿದ್ದ ಶ್ರೀಮದ್ ರಾಜಚಂದ್ರರಿಂದ ತಮ್ಮ ಜೀವನದ ಮೇಲೆ ಗಾಢವಾದ ಪ್ರಭಾವವಾಯಿತೆಂದು ಆತ್ಮಕಥೆಯಲ್ಲಿ ಬರೆದ ಗಾಂಧೀಜಿ, ಜೀವಮಾನವೆಲ್ಲ ಹೋರಾಡಿದರು. ಆದರೆ ಎದುರಾಳಿಯನ್ನು ಕೆಡಹಬೇಕೆಂದು ಹೋರಾಡಲಿಲ್ಲ. ಅವನ ಮನಸ್ಸು ತಿರುಗಬೇಕೆಂದು ಹೋರಾಡಿದರು. ಹಕ್ಕನ್ನು ಕೇಳುವುದು ಬೇರೆ, ಗೆಲ್ಲಬೇಕೆಂಬ ಹಟ ಬೇರೆ. ಹಕ್ಕು ದೊರೆತ ಮೇಲೆ ಮೊದಲನೆಯದು ಮುಗಿಯುತ್ತದೆ. ಎರಡನೆಯದಕ್ಕೆ ಕೊನೆಯಿಲ್ಲ.

ಜಿನಾಗಮವು ಜಯಕ್ಕೆ ಗುರಿಯನ್ನು ಸ್ಪಷ್ಟವಾಗಿ ಹೇಳಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಂವರದ ಸಾಧನಗಳನ್ನು ಎಣಿಸುವಾಗ ಗುಪ್ತಿ, ಸಮಿತಿ, ಧರ್ಮ, ಅನುಪ್ರೇಕ್ಷೆ, ಚಾರಿತ್ರಗಳೊಡನೆ 'ಪರೀಷಹಜಯ'ವನ್ನೂ ಹೇಳಿದ್ದಾರೆ. ಹಸಿವು, ನೀರಡಿಕೆ, ಚಳಿ, ಸೆಕೆ ಮೊದಲಾದ 22 ಪರೀಷಹಗಳಲ್ಲಿ ಬೈಗುಳವೂ ಇದೆ, ಸತ್ಕಾರವೂ ಇದೆ. ಬೈದವನನ್ನು ಸೋಲಿಸುವುದು ಜಯವಲ್ಲ, ಬೈಗುಳಕ್ಕೆ ಮನಸ್ಸು ಕದಡದಿರುವುದು ಜಯ. ಹಾರ ತುರಾಯಿಗಳು ಬಂದಾಗ ಉಬ್ಬದಿರುವುದೂ ಜಯವೇ. ವೀರಸೇನರು ಆರಂಭಿಸಿ ಅವರ ಶಿಷ್ಯ ಜಿನಸೇನರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದ ಮಹಾಟೀಕೆಯ ಹೆಸರು 'ಜಯಧವಲಾ'. ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ಕಾಪಾಡಲ್ಪಟ್ಟ ಆ ಗ್ರಂಥವು ಯಾವ ಅರಸನ ಜಯವನ್ನೂ ವರ್ಣಿಸುವುದಿಲ್ಲ. ಅದು ಕಷಾಯಪಾಹುಡಕ್ಕೆ ಬರೆದ ವ್ಯಾಖ್ಯಾನ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳ ವಿಚಾರ. ಜಯಕ್ಕೆ ತಕ್ಕ ಎದುರಾಳಿಗಳು ಈ ನಾಲ್ವರೇ, ಮತ್ತು ನಾಲ್ವರೂ ಗೆಲ್ಲಹೊರಟವನ ಒಳಗೇ ಇದ್ದಾರೆ.

ಊರಿನ ಹಬ್ಬಗಳಲ್ಲಿಯೂ ಈ ತಿಳಿವಳಿಕೆಯ ಗುರುತುಗಳಿವೆ. ವಿಜಯದಶಮಿಯ ಸಂಜೆ ಈ ಭಾಗದಲ್ಲಿ ಬನ್ನಿಯನ್ನು ಹಂಚುತ್ತಾರೆ. ಹೆಸರಿಗೆ ಅದು ವಿಜಯದ ದಿನ. ಆದರೆ ಆ ದಿನ ಯಾರೂ ಯಾರಿಂದಲೂ ಏನನ್ನೂ ಕಸಿಯುವುದಿಲ್ಲ. ಎಲೆಯನ್ನು ಬಂಗಾರವೆಂದು ಕೊಟ್ಟು, ಕಿರಿಯರು ಹಿರಿಯರ ಕಾಲು ಮುಟ್ಟಿ, ವರ್ಷವೆಲ್ಲ ಮಾತುಬಿಟ್ಟವರೂ ಅಂದು ಒಂದು ಮಾತಾಡುತ್ತಾರೆ. ದಶಲಕ್ಷಣ ಪರ್ವದ ಕೊನೆಗೆ ಬರುವ ಕ್ಷಮಾವಣಿಯು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂದು ಸರಿಯಿದ್ದವನೂ ಕ್ಷಮೆ ಬೇಡುತ್ತಾನೆ, ತಪ್ಪಿದವನೂ ಬೇಡುತ್ತಾನೆ, ಯಾರದು ಎಷ್ಟು ತಪ್ಪೆಂದು ತೂಗುವ ತಕ್ಕಡಿಯನ್ನು ಯಾರೂ ತರುವುದಿಲ್ಲ. ಎಷ್ಟೋ ಕಡೆ ಈಗ ಕ್ಷಮಾವಣಿಯು ಅಚ್ಚುಹಾಕಿಸಿದ ಕಾಗದವಾಗಿ, ಫೋನಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಚಿತ್ರವಾಗಿ ಹೋಗಿದೆ. ಅದು ಮಿತ್ರರಿಗೆ ಸುಲಭವಾಗಿ ತಲುಪುತ್ತದೆ. ವ್ಯಾಜ್ಯವಿರುವ ಮನೆಗೆ ಮಾತ್ರ ಕಾಲ್ನಡಿಗೆಯಲ್ಲಿಯೇ ಹೋಗಬೇಕು.

ಟ್ರಸ್ಟುಗಳ ಪದಾಧಿಕಾರಿಗಳು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಸವಾಲಿನ ಪದ್ಧತಿ ಇರುವೆಡೆಗಳಲ್ಲಿ ಹೆಚ್ಚು ಕೂಗಿದವರಿಗೆ ಕಲಶವನ್ನು ಕೊಟ್ಟರೂ, ಜೊತೆಗೆ ಏನೂ ಕೂಗಲಾರದ ಒಂದು ಮನೆಯವರನ್ನು ಕರೆದು ಕೈ ಹಚ್ಚಿಸಬಹುದು. ಸಮಾಜದ ಒಳಗಿನ ವ್ಯಾಜ್ಯಗಳನ್ನು ಕೋರ್ಟಿಗೆ ಮುಂಚೆ ಊರಿನ ಇಬ್ಬರು ಹಿರಿಯರ ಮುಂದೆ ಇಡಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ವಾರ್ಷಿಕ ಲೆಕ್ಕಪತ್ರದಲ್ಲಿ ವಕೀಲರ ಫೀಜು ಎಷ್ಟು, ಸುಣ್ಣದ ಖರ್ಚು ಎಷ್ಟು ಎಂಬ ಎರಡು ಬಾಬುಗಳನ್ನು ಅಕ್ಕಪಕ್ಕದಲ್ಲಿ ಓದಬಹುದು. ಯಾವುದು ಹೆಚ್ಚೆಂದು ನೋಡಿದರೆ ಆ ವರ್ಷ ಬಸದಿ ಗೆಲುವಾಗಿದೆಯೋ ಇಲ್ಲವೋ ಎಂಬುದು ತಾನಾಗಿ ತಿಳಿಯುತ್ತದೆ.

ಮನೆಗಳಲ್ಲಿಯಂತೂ ಪರೀಕ್ಷೆ ಇನ್ನೂ ಸರಳ. ಮಾತಿನಲ್ಲಿ ಗೆದ್ದ ಗಂಡನು, ಪಾಲಿನಲ್ಲಿ ಗೆದ್ದ ಅಣ್ಣನು, ಲೆಕ್ಕದಲ್ಲಿ ಗೆದ್ದ ಪಾಲುದಾರನು ಆ ರಾತ್ರಿ ಊಟಕ್ಕೆ ಕುಳಿತಾಗ ಪಂಕ್ತಿಯಲ್ಲಿರುವ ಮುಖಗಳನ್ನು ಒಮ್ಮೆ ನೋಡಬೇಕು. ಅಲ್ಲಿ ಗೆಲುವು ಕಂಡರೆ ಅವನು ಗೆದ್ದುದು ನಿಜ. ಕಾಣದಿದ್ದರೆ, ಕೊಟ್ಟುಬಿಡಲು ಇನ್ನೂ ಏನೋ ಉಳಿದಿದೆಯೆಂದು ತಿಳಿಯಬೇಕು. ಎಲ್ಲರಿಗೂ ಜಯ ಜಿನೇಂದ್ರ.